ಸಿಆರ್‌ಪಿ ಹೆಚ್ಚಿದ್ದರೆ ಸ್ಕಿಜೋಫ್ರೇನಿಯಾಗೆ ಅದೇ ಕಾರಣವಾ?

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಮಾತ್ರೆ ಶುರುಮಾಡಿ ಮೂರು ವಾರವಾದ ನಿಮ್ಮ ತಮ್ಮನಿಗೆ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ದೇಹದಲ್ಲಿ ಉರಿಯೂತ ಇದ್ದಾಗ ಏರುವ ಪ್ರೋಟೀನ್) ಲೀಟರಿಗೆ 12 ಮಿಲಿಗ್ರಾಂ ಬಂದಿದೆ, ಕಾಯಿಲೆಯ ಮೂಲ ಇದೇನಾ ಅಂತ ಕೇಳಿದ್ದೀರಿ. ಆ ಒಂದು ಅಂಕಿ ನೋಡಿ ಹಾಗೆ ಹೇಳಲಾಗದು. ಸಿಗರೇಟು, ಬೊಜ್ಜು, ಒಸಡಿನ ಸೋಂಕು, ಹೋದ ವಾರದ ಜ್ವರ, ಯಾವುದರಿಂದಲೂ ಅದು ಏರುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸಿಆರ್‌ಪಿ ಮತ್ತು ಉರಿಯೂತದ ಇನ್ನೊಂದು ಸೂಚಕವಾದ ಇಂಟರ್‌ಲ್ಯೂಕಿನ್-6 ಸರಾಸರಿ ಸ್ವಲ್ಪ ಹೆಚ್ಚಿರುವುದು ನಿಜ. ಆದರೆ ಆರೋಗ್ಯವಂತರ ಅಂಕಿಗಳೂ ಅದೇ ಆಸುಪಾಸಿನಲ್ಲೇ ಓಡಾಡುತ್ತವೆ.

ಹಾಗಂತ ರೋಗನಿರೋಧಕ ವ್ಯವಸ್ಥೆಗೂ ಈ ಕಾಯಿಲೆಗೂ ನಂಟೇ ಇಲ್ಲ ಅಂತಲ್ಲ. 2016ರಲ್ಲಿ ಬಂದ ಸಿ4 ಜೀನಿನ ಸಂಶೋಧನೆ ನನಗಂತೂ ಇವತ್ತಿಗೂ ಸೋಜಿಗ. ರೋಗಾಣುಗಳ ಮೇಲೆ 'ಇದನ್ನು ತೆಗೆಯಿರಿ' ಅಂತ ಗುರುತು ಹಚ್ಚುವ ಪ್ರೋಟೀನನ್ನು ತಯಾರಿಸುವ ಜೀನ್ ಅದು. ಇಲಿಗಳ ಮಿದುಳಿನಲ್ಲಿ ನರಕೋಶಗಳ ನಡುವಿನ ಸಂಪರ್ಕಗಳನ್ನು ಸವರಿ ತೆಗೆಯುವುದರಲ್ಲೂ ಆ ಪ್ರೋಟೀನಿನ ಪಾತ್ರ ಕಂಡುಬಂತು. ಅದನ್ನು ಹೆಚ್ಚು ತಯಾರಿಸುವ ಬಗೆಯ ಜೀನ್ ಇದ್ದವರಿಗೆ ಸ್ಕಿಜೋಫ್ರೇನಿಯಾದ ಅಪಾಯ ತುಸು ಜಾಸ್ತಿ. ನಿಮ್ಮ ರಿಪೋರ್ಟಿನ ಸಿಆರ್‌ಪಿ ಇದರ ಬಗ್ಗೆ ಏನೂ ಹೇಳುವುದಿಲ್ಲ.

ನನ್ನನ್ನು ಕೇಳಿದರೆ, ನೋಡಬೇಕಾದ್ದು ಆ 'ಮೂರು ವಾರ'. ಕ್ಲೋಜಪಿನ್ ಶುರುವಾದ ಮೊದಲ ವಾರಗಳಲ್ಲಿ ಅಪರೂಪಕ್ಕೆ ಹೃದಯದ ಸ್ನಾಯುವಿಗೆ ಉರಿಯೂತ ಆಗುವುದುಂಟು. ಆಗಲೂ ಸಿಆರ್‌ಪಿ ಏರುತ್ತದೆ. ರಿಪೋರ್ಟನ್ನು ಇವತ್ತೇ ವೈದ್ಯರಿಗೆ ತಲುಪಿಸಿ. ಜ್ವರ, ಎದೆನೋವು, ಏದುಸಿರು, ನಾಡಿಬಡಿತ ಜೋರಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ವೈದ್ಯರೇ ಹೇಳಲಿ.