ಮಂಜು ಸಾಕು, ಮುಖ ಬೇಕು

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದದ ಸಾರ ಇಷ್ಟು: 'ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಕ್ಯಾಮೆರಾ ಕಂಡ ಕೂಡಲೇ ಜನ ತಲೆಗೂದಲು ಸರಿಮಾಡಿಕೊಂಡು ನಿಲ್ಲುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ಕೇಳಿ ತೆಗೆದರೆ ಸಹಜವಾಗಿ ಬರುವುದಿಲ್ಲ, ಕೇಳದೆ ತೆಗೆದರೆ ಕದ್ದ ಹಾಗೆ ಅನ್ನಿಸುತ್ತದೆ. ಫೋಟೋ, ವಿಡಿಯೋ ಎರಡೂ ಸೇರಿಸಿ ಸಂತೆಯ ಮೇಲೆ ಐದು ನಿಮಿಷದ ಚಿತ್ರ ಮಾಡುವ ಆಸೆ ಇದೆ. ಫೋಟೋ ಈಗ ಯಾರು ನೋಡ್ತಾರೆ, ಎಲ್ಲವನ್ನೂ ಫೋರ್‌ಕೆ ವಿಡಿಯೋ ಮಾಡು, ಬೇಕಾದ ಫೋಟೋ ಅದರಿಂದಲೇ ತೆಗೆದುಕೋ ಎಂದು ಸ್ನೇಹಿತರು ಹೇಳುತ್ತಾರೆ. ನೀವೇನಂತೀರಿ?'

ಕೇಳಿದ್ದೀರಿ, ಇನ್ನು ಪೂರ್ತಿ ಓದಿಯೇ ಏಳಬೇಕು.

ನಿಮ್ಮ ಸ್ನೇಹಿತರು ಹೇಳುವುದರಲ್ಲೂ ಹುರುಳಿದೆ. 2008ರಲ್ಲಿ ನಿಕಾನ್ ಡಿ90, ಅದರ ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಗಳು ಬಂದ ಮೇಲೆ ಫೋಟೋದವರ ಕೈಗೆ ಒಳ್ಳೆಯ ವಿಡಿಯೋ ಸಿಕ್ಕಿತು. ಈಗ ಅದು ಎಲ್ಲರ ಜೇಬಿನಲ್ಲೇ ಇದೆ. ಸಂತೋಷ. ಇಷ್ಟು ಒಪ್ಪಿಕೊಂಡೆ, ಇನ್ನು ಜಗಳಕ್ಕೆ ಬರುತ್ತೇನೆ.

ಫೋರ್‌ಕೆ ವಿಡಿಯೋದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ನಮ್ಮ ಪತ್ರಿಕೆಯ ಪುಟಕ್ಕೆ ಧಾರಾಳವಾಗಿ ಸಾಕು. ತೊಂದರೆ ಇರುವುದು ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಶಟರ್‌ನಲ್ಲಿ. ಸೆಕೆಂಡಿಗೆ 25 ಫ್ರೇಮ್ ವಿಡಿಯೋ ಕಣ್ಣಿಗೆ ಹಿತವಾಗಿ ಕಾಣಬೇಕಾದರೆ ಶಟರ್ ತೆರೆದಿರುವ ಹೊತ್ತು 1/50 ಸೆಕೆಂಡಿನ ಹತ್ತಿರ ಇರಬೇಕು. ಆ ವೇಗದಲ್ಲಿ ಸೂಜಿಮೆಣಸು ಅಳೆಯುವ ಕೈಯನ್ನು ನಿಲ್ಲಿಸಿ ನೋಡಿ. ಬೆರಳೂ ಇಲ್ಲ, ಮೆಣಸೂ ಇಲ್ಲ, ಬರೀ ಕಲೆಸಿದ ಬಣ್ಣ. ಕೈ ಸ್ಪಷ್ಟವಾಗಿ ಬೇಕಾದರೆ 1/250, 1/500 ಇಡಬೇಕು. ಅಷ್ಟು ಇಟ್ಟರೆ ವಿಡಿಯೋ ಕುಕ್ಕಿ ಕುಕ್ಕಿ ಓಡಿದಂತೆ ಕಾಣುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ ಮಾರಾಯ್ರೇ. ಮನೆಯಿಂದ ಹೊರಡುವಾಗಲೇ ಇವತ್ತು ಯಾವುದು ಎಂದು ತೀರ್ಮಾನಿಸಿ ಹೊರಡಿ.

ನನ್ನ ನಿಜವಾದ ತಕರಾರು ಬೇರೆ. ವಿಡಿಯೋ ಬಟನ್ ಒತ್ತಿದವನು ನೋಡುವುದನ್ನು ಬಿಟ್ಟುಬಿಡುತ್ತಾನೆ. ಹೇಗೂ ಕ್ಯಾಮೆರಾ ಓಡುತ್ತಿದೆ, ಸಿಕ್ಕಿದ್ದು ಸಿಗಲಿ ಎನ್ನುವ ಧೈರ್ಯ. ಫೋಟೋ ತೆಗೆಯುವವನಿಗೆ ಆ ಸೋಮಾರಿತನ ದಕ್ಕುವುದಿಲ್ಲ. ಕಣಿಲೆ (ಎಳೆ ಬಿದಿರು) ಮಾರುವ ಅಜ್ಜಿ ಚಿಲ್ಲರೆ ಎಣಿಸಿ, ಒಂದು ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನ ತುದಿಗೆ ಹಾಕಿ, ಹಲ್ಲಿನಿಂದ ಗಂಟು ಬಿಗಿಯುತ್ತಾಳೆ. ಆ ಹಲ್ಲು ಕಚ್ಚಿದ ಗಳಿಗೆಗೆ ಕಾಯಬೇಕು. ಕಾಯುತ್ತಾ ಇದ್ದಾಗಲೇ ಅವಳ ಪ್ಲಾಸ್ಟಿಕ್ ಕೊಪ್ಪೆಯ ಅಂಚಿನಿಂದ ನೀರು ಕಣಿಲೆಯ ಮೇಲೆ ತೊಟ್ಟಿಕ್ಕುವುದು, ಪಕ್ಕದ ಒಣಮೀನಿನವನು ಅವಳ ಕೊಡೆಯನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಳ್ಳುವುದು ಕಾಣುತ್ತದೆ. ಆ ಫೋಟೋವನ್ನು ನಾನು ಒಂದು ನಿಮಿಷ ಬೇಕಾದರೂ ನೋಡಬಹುದು, ಅರ್ಧ ಗಂಟೆಯಾದರೂ ನೋಡಬಹುದು. ವಿಡಿಯೋದಲ್ಲಿ ಎಷ್ಟು ಹೊತ್ತು ನೋಡಬೇಕು ಎಂದು ನೀವೇ ನಿರ್ಧರಿಸಿರುತ್ತೀರಿ.

ಇನ್ನು ಕದ್ದ ಹಾಗೆ ಅನ್ನಿಸುವ ಮಾತು. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್ ಸಬ್‌ವೇಯಲ್ಲಿ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ ಪ್ರಯಾಣಿಕರ ಫೋಟೋ ತೆಗೆದರು. ಅವು ಪುಸ್ತಕವಾಗಿದ್ದು 1966ರಲ್ಲಿ. ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯರ್ ಬ್ರೆಸನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತಿಕೊಂಡು ಬೀದಿ ಅಲೆದವರು. ಅದೆಲ್ಲ ಅಷ್ಟು ದೊಡ್ಡ ಊರಿಗೆ ಸರಿ. ಮಡಿಕೇರಿಯಲ್ಲಿ ಅಡಗಿ ಎಲ್ಲಿ ಹೋಗ್ತೀರಿ? ಎರಡನೇ ಅಂಗಡಿ ದಾಟುವ ಮೊದಲೇ 'ನಿಮ್ಮ ಮನೆ ಹೆಸರೇನು, ಯಾವ ಊರು?' ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಅನುಕೂಲವೇ ಅದು. ಸಂತೆ ವಾರಕ್ಕೊಮ್ಮೆ ಬರುತ್ತದೆ. ಅದೇ ಜನ ಅದೇ ಜಾಗದಲ್ಲಿ ಕೂರುತ್ತಾರೆ. ಮೊದಲ ವಾರ ಕ್ಯಾಮೆರಾ ಕೊರಳಲ್ಲಿ ಹಾಕಿಕೊಂಡು ಸುಮ್ನೆ ತರಕಾರಿ ತನ್ನಿ. ಆಮೇಲೆ ತೆಗೆಯಿರಿ. ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಮುಂದಿನ ಶುಕ್ರವಾರ ಅವರ ಕೈಗೆ ಕೊಡಿ. ಕೆಲವು ವಾರ ಕಳೆದರೆ ನೀವೂ ಸಂತೆಯ ಒಂದು ಸಾಮಾನು. ಆಗ ಯಾರೂ ಕೂದಲು ಸರಿಮಾಡಿಕೊಳ್ಳುವುದಿಲ್ಲ.

'ಬೇಡ' ಎಂದವರದ್ದು ಅವರ ಮುಂದೆಯೇ ಅಳಿಸಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎನ್ನುವುದನ್ನು ಮರೆಯಬೇಡಿ. ಕುಡಿದು ಬಿದ್ದವರು, ಕಾಯಿಲೆಯವರು, ಒಂಟಿಯಾಗಿ ಅಳುತ್ತಿರುವ ಮಗು, ಇವು ನಮಗೆ ಬೇಡ. ಕಾಫಿ ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರ ಹತ್ತಿರ ಇನ್ನೂ ಜಾಸ್ತಿ ಎಚ್ಚರ ಬೇಕು. ಕ್ಯಾಮೆರಾ ಕಂಡರೆ ಅವರಿಗೆ ದಾಖಲೆ ಕೇಳಲು ಬಂದವರೇನೋ ಎಂಬ ದಿಗಿಲು. ಮೊದಲು ಮಾತಾಡಿಸಿ.

ಲೆನ್ಸ್ ಒಂದೇ ಸಾಕು. ಹಳೇ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 28 ಎಂಎಂ ಅಗಲನೋಟದ ಲೆನ್ಸ್ ಹಾಕಿ, ಬೆಳಕಿನ ಕಿಂಡಿಯನ್ನು ಎಫ್8ಕ್ಕೆ ಇಟ್ಟು, ಮೂರೂಕಾಲು ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು 1.7 ಮೀಟರಿನಿಂದ ಆಚೆಗೆ ಎಲ್ಲವೂ ಸ್ಪಷ್ಟ. ಫೋಕಸ್ ಹುಡುಕುತ್ತಾ ನಿಲ್ಲುವ ಕೆಲಸವೇ ಇಲ್ಲ. ದೂರದಿಂದ ಜೂಮ್ ಎಳೆದು ತೆಗೆಯುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಇನ್ನೊಂದು ವಿಷಯ, ಟಾರ್ಪಾಲು. ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖವೂ ನೀಲಿ, ಹಳದಿಯ ಕೆಳಗೆ ಕಾಮಾಲೆ. ಫೋಟೋದಲ್ಲಿ ಆಮೇಲೆ ತಿದ್ದಬಹುದು. ವಿಡಿಯೋದಲ್ಲಿ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಆಟೋ ಬಿಟ್ಟರೆ ಅಂಗಡಿ ದಾಟಿದ ಹಾಗೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ಅದನ್ನು ಕೈಯಾರೆ ಒಂದು ಕಡೆ ನಿಲ್ಲಿಸಿ. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕೊಡಗಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಇದನ್ನು ಬೇರೆ ಹೇಳಬೇಕೇ?

ಐದು ನಿಮಿಷದ ಚಿತ್ರದ ಬಗ್ಗೆ. ಖಂಡಿತ ಮಾಡಿ, ಆದರೆ ಫೋಟೋಗಳನ್ನೇ ಬೆನ್ನೆಲುಬು ಮಾಡಿ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆಟೆ' 28 ನಿಮಿಷದ ಚಿತ್ರ. ಹೆಚ್ಚುಕಡಿಮೆ ಪೂರ್ತಿ ನಿಂತ ಫೋಟೋಗಳೇ. ಒಂದೇ ಒಂದು ಕಡೆ, ಮಲಗಿದ ಹೆಣ್ಣು ಕಣ್ಣು ತೆರೆದು ರೆಪ್ಪೆ ಬಡಿಯುತ್ತಾಳೆ. ಅಷ್ಟೇ ಚಲನೆ. ಅಲ್ಲಿ ಮೈ ಜುಮ್ಮೆನ್ನುತ್ತದೆ. ಉಳಿದದ್ದೆಲ್ಲ ನಿಂತಿದ್ದಕ್ಕೇ ಅದಕ್ಕೆ ಆ ಬೆಲೆ ಬಂತು. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ ಒಂದು ಲಕ್ಷಕ್ಕೂ ಹೆಚ್ಚು ಬೀದಿ ಫೋಟೋ ತೆಗೆದ ವಿವಿಯನ್ ಮೇಯರ್ ಕೂಡ ಸಣ್ಣ ಮೂವಿ ಕ್ಯಾಮೆರಾ ಇಟ್ಟುಕೊಂಡಿದ್ದರು, ಜನರ ಮಾತನ್ನು ಟೇಪಿನಲ್ಲಿ ಹಿಡಿಯುತ್ತಿದ್ದರು. ಅವರ ಹೆಸರು ನಿಂತಿರುವುದು ಮಾತ್ರ ಫೋಟೋದಿಂದ.

ವಿಡಿಯೋ ಇಟ್ಟುಕೊಳ್ಳಬೇಕಾದ್ದು ಚಲನೆಯೇ ಮುಖ್ಯವಾದ ಕಡೆ. ಟಾರ್ಪಾಲಿನ ಹೊಟ್ಟೆಯಲ್ಲಿ ನಿಂತ ಮಳೆನೀರನ್ನು ಕೋಲಿನಿಂದ ಎತ್ತಿ ಸುರಿಯುವುದು ಅಂಥದ್ದು. ಅದನ್ನು ಕ್ಯಾಮೆರಾ ಅಲುಗಿಸದೆ ಹತ್ತು ಸೆಕೆಂಡ್ ಹಿಡಿಯಿರಿ. ಸದ್ದನ್ನು ಬೇರೆಯಾಗಿಯೇ ರೆಕಾರ್ಡ್ ಮಾಡಿ. ಒಂದು ಮೂಲೆಯಲ್ಲಿ ಕೂತು ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ ಎಲ್ಲ ಸೇರಿದ ಚೌಕಾಸಿಯನ್ನು ಹಿಡಿಯಿರಿ. ಅದು ಬೇರೆ ಯಾವ ಜಿಲ್ಲೆಯ ಸಂತೆಯಲ್ಲೂ ಹೀಗೆ ಸಿಗುವುದಿಲ್ಲ. ಆ ಸದ್ದಿನ ಮೇಲೆ ಒಂದೊಂದು ಫೋಟೋವನ್ನು ನಾಲ್ಕೈದು ಸೆಕೆಂಡ್ ನಿಲ್ಲಿಸಿ. ಫೋಟೋವನ್ನು ಜೋಕಾಲಿಯ ಹಾಗೆ ಹಿಂದೆ ಮುಂದೆ ಆಡಿಸುವ ಎಫೆಕ್ಟ್ ಬೇಡ. ಪರದೆ ತುಂಬಲಿ ಎಂದು ಅಜ್ಜಿಯ ತಲೆ ಕತ್ತರಿಸಲೂ ಬೇಡ. ಪಕ್ಕದಲ್ಲಿ ಕಪ್ಪು ಉಳಿದರೆ ಉಳಿಯಲಿ.

ನಿಮ್ಮ ಕಾಗದ ಕಂಡು ನನಗೆ ಇಷ್ಟು ಖುಷಿಯಾಗಲು ಕಾರಣ ಇದೆ. ಈ ಕಚೇರಿಗೆ ಬರುವ ಕೊಡಗಿನ ಫೋಟೋಗಳಲ್ಲಿ ಮನುಷ್ಯರೇ ಇರುವುದಿಲ್ಲ. ರಾಜಾಸೀಟಿನ ಸೂರ್ಯಾಸ್ತ, ಮಾಂದಲಪಟ್ಟಿಯ ಮಂಜು, ಅಬ್ಬಿ ಜಲಪಾತ, ಕಾಫಿ ಹೂ. ಮತ್ತೆ ಮಂಜು. ಮನುಷ್ಯರು ಬಂದರೂ ಬಾಡಿಗೆಗೆ ಕೊಡವ ಉಡುಪು ಹಾಕಿಕೊಂಡು ಪೀಚೆಕತ್ತಿ ಸಿಕ್ಕಿಸಿಕೊಂಡ ಪ್ರವಾಸಿಗರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗಲೂ ನಮಗೆ ಬಂದದ್ದು ಹೆಚ್ಚಾಗಿ ಮೇಲಿನಿಂದ ಹಿಡಿದ ಚಿತ್ರಗಳು. ಕೆಂಪು ಮಣ್ಣು ಎಲ್ಲಿಂದ ಎಲ್ಲಿಗೆ ಜಾರಿತು ಎಂದು ಡ್ರೋನಿಗೆ ಕಾಣುತ್ತದೆ, ಯಾರ ಮನೆ ಹೋಯಿತು ಎಂದು ಕಾಣುವುದಿಲ್ಲ. ಪಕ್ಕದ ಮೈಸೂರಿನಲ್ಲಿ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಇದ್ದರು. ಸಾಮಾನ್ಯ ಜನರನ್ನು, ಮಕ್ಕಳನ್ನು ತೆಗೆದೇ ದೊಡ್ಡವರಾದರು. ಅವರು ತೆಗೆದ ಮಕ್ಕಳ ಫೋಟೋಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ನಮ್ಮಲ್ಲಿ ಒಂದು ಹಳೇ ಸ್ಟುಡಿಯೋ ಮುಚ್ಚಿದಾಗ ನೆಗೆಟಿವ್‌ಗಳು ಗೋಣಿಚೀಲದಲ್ಲಿ ಗುಜರಿಗೆ ಹೋದವು. ಮದುವೆ, ಮಿಲಿಟರಿಗೆ ಹೊರಟ ಹುಡುಗರು, ಪುತ್ತರಿಯ ಕೋಲಾಟ, ಎಲ್ಲ ತೂಕದ ಲೆಕ್ಕದಲ್ಲಿ. ಪ್ರವಾಸೋದ್ಯಮದ ಹೆಸರಿನಲ್ಲಿ ಎಷ್ಟೊಂದು ಬ್ಯಾನರ್ ಅಚ್ಚಾಗುತ್ತವೆ. ಅದರಲ್ಲಿ ಒಂದಾದರೂ ಒಣಮೀನು ಮಾರುವವನ ಮುಖ ಕಂಡಿದ್ದೀರಾ?

ಅದಕ್ಕೇ ಹೇಳಿದೆ, ಮಾಡಿ. ಇನ್ನು ಆರಿಸುವಾಗ ಕರುಣೆ ತೋರಿಸಬೇಡಿ. ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ತೆಗೆದ ಸುಮಾರು 27–28 ಸಾವಿರ ಫ್ರೇಮುಗಳಲ್ಲಿ ಪುಸ್ತಕಕ್ಕೆ ಇಟ್ಟುಕೊಂಡದ್ದು 83. ನೀವು ನಮಗೆ ಎಂಟು ಕಳಿಸಿ, ಜೊತೆಗೆ ಸಂತೆಯ ಒಂದು ನಿಮಿಷದ ಸದ್ದು. ಫೋಟೋದಲ್ಲಿ ಇರುವವರ ಒಪ್ಪಿಗೆ ಇದೆ ಎಂದು ಒಂದು ಸಾಲು ಬರೆಯಿರಿ. ಮೂಲ ಫೈಲನ್ನೇ ಕಳಿಸಿ, ವಾಟ್ಸ್ಆ್ಯಪಿನಲ್ಲಿ ಬೇಡ, ಅದು ಫೋಟೋಗಳನ್ನು ಹಿಂಡಿ ಕಳಿಸುತ್ತದೆ. ಚೆನ್ನಾಗಿದ್ದರೆ ನಡುವಿನ ಎರಡು ಪುಟ ನಿಮಗೆ. ಸಂಭಾವನೆ ಕಡಿಮೆ, ತಡವಾಗಿಯೂ ಬರುತ್ತದೆ. ಮೊದಲೇ ಹೇಳಿದ್ದೇನೆ, ಆಮೇಲೆ ಅದಕ್ಕೊಂದು ಕಾಗದ ಬರೆಯಬೇಡಿ.

– ಸಂ.