ಬಾಟಲಿ ಬೇರಿಗೆ ಗದ್ದೆ ಮಾರಬೇಕಾ?

ಓದುಗರ ಪ್ರಶ್ನೆ, ಲ್ಯಾಬಿನವಳ ಉತ್ತರ

ಪ್ರಶ್ನೆ: ಮಗ ಬಯೋಟೆಕ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಾನೆ. ಅಶ್ವಗಂಧದ ಬೇರನ್ನು ಮಣ್ಣಿಲ್ಲದೆ ಬಾಟಲಿಯಲ್ಲೇ ಬೆಳೆಸಬಹುದು, ಅದಕ್ಕೊಂದು ಬ್ಯಾಕ್ಟೀರಿಯಾ ಸಾಕು ಅನ್ನುತ್ತಾನೆ. ಲ್ಯಾಬ್ ಹಾಕಲು ನಾಲೆ ಬಯಲಿನ ಒಂದೂವರೆ ಎಕರೆ ಕಬ್ಬಿನ ಗದ್ದೆ ಮಾರೋಣ ಅಂತ ಹಟ ಹಿಡಿದಿದ್ದಾನೆ. ಇದು ನಿಜವಾ? ಮಾರಬಹುದಾ?
— ರೈತರೊಬ್ಬರು, ಪಾಂಡವಪುರ

ಉತ್ತರ: ಮಾರಬೇಡಿ ಯಜಮಾನರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ಕಾಫಿ ಕುಡಿಯುತ್ತಾ ಓದಿ.

ಆದರೆ ಮಗನನ್ನು ಬೈಯಬೇಡಿ. ಅವನು ಹೇಳುವುದು ಸುಳ್ಳಲ್ಲ. ಮೈಸೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನೇ ಎಷ್ಟೋ ವರ್ಷ ಇದನ್ನು ಮಾಡಿದ್ದೇನೆ.

ಆ ಬ್ಯಾಕ್ಟೀರಿಯಾದ ಹೆಸರು ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್. ಮಣ್ಣಿನಲ್ಲಿರುವ ಜೀವಿ. ಗಿಡಕ್ಕೆ ಗಾಯವಾದ ಕಡೆ ಒಳಗೆ ಸೇರಿ, ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಡಿಎನ್‌ಎಗೆ ಸೇರಿಸಿಬಿಡುತ್ತದೆ. ಆ ತುಂಡಿನಲ್ಲಿ 'ರೋಲ್' ಅನ್ನುವ ಜೀನುಗಳಿವೆ. ಅವು ಗಿಡದ ಜೀವಕೋಶಕ್ಕೆ 'ಬೇರು ಬಿಡು, ಬಿಡುತ್ತಲೇ ಇರು' ಅಂತ ಹೇಳುತ್ತವೆ. ಜೊತೆಗೆ ಬ್ಯಾಕ್ಟೀರಿಯಾ ತನಗೆ ಬೇಕಾದ ಊಟವನ್ನೂ ಗಿಡದ ಕೈಯಲ್ಲೇ ಮಾಡಿಸಿಕೊಳ್ಳುತ್ತದೆ. ಮನೆ ಹೊಕ್ಕು ಅಡುಗೆಮನೆಯನ್ನೇ ಹಿಡಿದುಕೊಂಡ ನೆಂಟನ ಹಾಗೆ.

ನಾವು ಮಾಡುತ್ತಿದ್ದದ್ದು ಇಷ್ಟೆ. ಶುದ್ಧವಾಗಿ ಬೆಳೆಸಿದ ಸಸಿಯ ಎಲೆಯನ್ನು ಬ್ಲೇಡಿನಿಂದ ಗೀರಿ, ಬ್ಯಾಕ್ಟೀರಿಯಾ ಇರುವ ನೀರಿನಲ್ಲಿ ಅದ್ದುವುದು. ಎರಡು ದಿನ ಬಿಟ್ಟು ಆಂಟಿಬಯಾಟಿಕ್ ಹಾಕಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು. ಆಮೇಲೆ ಕಾಯುವುದು. ಎರಡು ಮೂರು ವಾರಕ್ಕೆ ಎಲೆಯ ನಡುನರದ ಗಾಯದಿಂದ ಬಿಳಿ ಎಳೆಗಳು ಇಣುಕುತ್ತವೆ. ಮೈ ತುಂಬಾ ನವಿರು ಕೂದಲು. ಮಾಮೂಲಿ ಬೇರು ಕೆಳಗೆ ನೋಡುತ್ತದಲ್ವಾ? ಇದಕ್ಕೆ ಮೇಲು ಕೆಳಗು ಗೊತ್ತಿಲ್ಲ, ದಿಕ್ಕೆಟ್ಟು ಅಡ್ಡಡ್ಡ ಹರಡುತ್ತದೆ. ಲ್ಯಾಬಿನಲ್ಲಿ ಇದಕ್ಕೆ 'ಹೇರಿ ರೂಟ್' ಅಂತಲೇ ಹೆಸರು. ಕತ್ತರಿಸಿ ಹೊಸ ಫ್ಲಾಸ್ಕಿಗೆ ಹಾಕಿದರೆ ಹಾರ್ಮೋನಿನ ಹಂಗಿಲ್ಲದೆ ಮತ್ತೆ ಬೆಳೆಯುತ್ತದೆ. ಬೇರಿನಲ್ಲಿ ತಯಾರಾಗುವ ಔಷಧಿ ಅಂಶವನ್ನೂ ತಯಾರಿಸುತ್ತದೆ. ಅಶ್ವಗಂಧದ ಇಂಥ ಬೇರಿನಿಂದ ವಿಥನೊಲೈಡ್ ಅನ್ನುವ ಔಷಧಿ ಅಂಶ ತೆಗೆಯುವ ಕೆಲಸ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆಗಿದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬೀಟ್‌ರೂಟಿನ ಕೆಂಪು ಬಣ್ಣಕ್ಕಾಗಿ ಇದೇ ಬಗೆಯ ಬೇರು ಬೆಳೆಸಿದ್ದಾರೆ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ಲ್ಯಾಬಿನಲ್ಲಿ ಬೇರು ಬೆಳೆಸುವ ಒಂದು ಲೀಟರ್ ದ್ರಾವಣಕ್ಕೆ 30 ಗ್ರಾಂ ಸಕ್ಕರೆ ಹಾಕುತ್ತಿದ್ದೆವು. ನಾಲ್ಕು ವಾರ ಆದ ಮೇಲೆ ಒಣಗಿಸಿ ತೂಗಿದರೆ 10 ಗ್ರಾಂ ಬೇರು ಸಿಕ್ಕಿದ ದಿನ ಹಬ್ಬ. ಅಂದರೆ ಒಂದು ಕಿಲೋ ಒಣ ಬೇರಿಗೆ 100 ಲೀಟರ್ ದ್ರಾವಣ, 3 ಕಿಲೋ ಸಕ್ಕರೆ. ಸಕ್ಕರೆ ನಿಮ್ಮ ಮಂಡ್ಯದ್ದೇ, ಅದು ಬಿಡಿ. ಆದರೆ ಆ 100 ಲೀಟರನ್ನೂ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಬೇಕು. ದೊಡ್ಡ ಪ್ರೆಶರ್ ಕುಕ್ಕರ್ ಅಂತಿಟ್ಟುಕೊಳ್ಳಿ. ರೂಮನ್ನು 25 ಡಿಗ್ರಿಯಲ್ಲಿ ಇಡಬೇಕು. ಫ್ಲಾಸ್ಕುಗಳನ್ನು ಕುಲುಕುವ ಶೇಕರ್ ಹಗಲೂ ರಾತ್ರಿ ಅಲ್ಲಾಡುತ್ತಿರಬೇಕು. ಅದೇ ಅಶ್ವಗಂಧ ಹೊಲದಲ್ಲಿ ಐದಾರು ತಿಂಗಳಲ್ಲಿ, ಕಡಿಮೆ ನೀರಿನಲ್ಲಿ, ಬಿಸಿಲು ತಿಂದು ಬೆಳೆಯುತ್ತದೆ. ಬಿಸಿಲಿಗೆ ಕರೆಂಟ್ ಬಿಲ್ ಇಲ್ಲ.

ಒಂದು ಯುಗಾದಿ ರಜೆಯ ಕಥೆ ಹೇಳಬೇಕು. ಲ್ಯಾಬಿಗೆ ಬೀಗ ಹಾಕಿ ಎಲ್ಲರೂ ಊರಿಗೆ ಹೋದೆವು. ಕರೆಂಟ್ ಹೋಗಿದೆ, ಜನರೇಟರಿಗೆ ಡೀಸೆಲ್ ಹಾಕಿಸಿರಲಿಲ್ಲ. ಹಾಕಿಸಬೇಕಾದವಳು ನಾನೇ, ಹೋಳಿಗೆ ಗಡಿಬಿಡಿಯಲ್ಲಿ ಮರೆತಿದ್ದೆ. ಮೂರು ದಿನ ಶೇಕರ್ ನಿಂತಿತ್ತು. ಬಾಗಿಲು ತೆಗೆದರೆ ಬೆಳ್ಳಗಿದ್ದ ಬೇರೆಲ್ಲ ಚಹಾ ಸೊಪ್ಪಿನ ಬಣ್ಣ. ಅಲ್ಲಾಡಿಸದಿದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಅರವತ್ತು ಫ್ಲಾಸ್ಕ್ ಸಿಂಕಿಗೆ ಸುರಿದೆವು. ನಮ್ಮ ಮೇಡಂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಫ್ಲಾಸ್ಕಿನಿಂದ ದೊಡ್ಡ ಟ್ಯಾಂಕಿಗೆ ಹೋದರೆ ಇನ್ನೊಂದು ತಾಪತ್ರಯ. ಬೇರು ಬೇರಿಗೆ ಹೆಣೆದುಕೊಂಡು ತೆಂಗಿನ ನಾರಿನ ಉಂಡೆಯಂತಾಗುತ್ತದೆ. ಉಂಡೆಯ ಹೊರಗೆ ಬೆಳ್ಳಗಿದ್ದರೂ ನಡುವೆ ಗಾಳಿಯಿಲ್ಲದೆ ಕೊಳೆಯುತ್ತದೆ. ಕಲಕೋಣ ಅಂದರೆ ಬೇರು ತುಂಡಾಗುತ್ತದೆ. ಈ ವಿದ್ಯೆ ಲ್ಯಾಬ್ ದಾಟಿ ಫ್ಯಾಕ್ಟರಿಗೆ ಹೋಗಲು ತಿಣುಕುತ್ತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಹಾಗಾದರೆ ಈ ವಿದ್ಯೆ ಯಾವುದಕ್ಕೆ ಲಾಭ? ಗ್ರಾಂ ಲೆಕ್ಕದಲ್ಲಿ ಮಾರುವ, ಹೊಲದಲ್ಲಿ ಸುಲಭಕ್ಕೆ ಸಿಗದ ವಸ್ತುವಿಗೆ. ಪ್ರಯಾಣದಲ್ಲಿ ವಾಂತಿ ಬಾರದಂತೆ ಕಿವಿ ಹಿಂದೆ ಅಂಟಿಸುವ ಪಟ್ಟಿಯಲ್ಲಿರುವ ಸ್ಕೊಪೊಲಮೈನ್ ಅಂಥದ್ದು, ದತ್ತೂರಿಯ ಜಾತಿಯ ಬೇರುಗಳಲ್ಲಿ ತಯಾರಾಗುತ್ತದೆ. ಕ್ಯಾನ್ಸರ್ ಔಷಧಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಇನ್ನೊಂದು. ಆದರೆ ಎಲ್ಲವೂ ಬೇರಿನಲ್ಲಿ ಬರುವುದಿಲ್ಲ. ನಿತ್ಯಪುಷ್ಪದ ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟಿನ್ ಆಗಲು ಬೇಕಾದ ಎರಡು ತುಂಡುಗಳಲ್ಲಿ ಒಂದು ಎಲೆಯಲ್ಲಿ ಮಾತ್ರ ತಯಾರಾಗುತ್ತದೆ. ಬರೀ ಬೇರು ಬೆಳೆಸಿ ಕೂತರೆ ಅರ್ಧಕ್ಕೇ ನಿಲ್ಲುತ್ತೀರಿ.

ಜೀನ್ ಸೇರಿಸುವ ಕೆಲಸವಾದ್ದರಿಂದ 1989ರ ನಿಯಮಗಳ ಪ್ರಕಾರ ಅನುಮತಿ, ಜೈವಿಕ ಸುರಕ್ಷತಾ ಸಮಿತಿ ಅಂತೆಲ್ಲ ಇದೆ. ಮನೆ ಹಿಂದಿನ ಶೆಡ್ಡಿನಲ್ಲಿ ಸುಮ್ನೆ ಶುರು ಮಾಡುವ ಹಾಗಿಲ್ಲ. ಮಗನನ್ನು ಮೊದಲು ಬಾಳೆ ಸಸಿ ಮಾಡುವ ಯಾವುದಾದರೂ ಟಿಶ್ಯೂ ಕಲ್ಚರ್ ಲ್ಯಾಬಿಗೆ ಒಂದು ವರ್ಷ ಕೆಲಸಕ್ಕೆ ಕಳಿಸಿ. ಸಂಬಳ ಕಡಿಮೆ ಇರಬಹುದು. ಬೂಷ್ಟು ಹಿಡಿದ ಬಾಟಲಿಗಳನ್ನು ದಿನಾ ತೊಳೆದ ಮೇಲೂ ಆಸೆ ಉಳಿದಿದ್ದರೆ ಆಗ ಮಾತಾಡೋಣ.

ಪ್ರಶ್ನೆ: ಬ್ಯಾಕ್ಟೀರಿಯಾದ ಜೀನ್ ಸೇರಿದ ಬೇರಿನಿಂದ ತೆಗೆದ ಔಷಧಿ ತಿಂದರೆ ನಮ್ಮ ಮೈಗೆ ಏನೂ ಆಗುವುದಿಲ್ಲವಾ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಸಂಕ್ರಾಂತಿಗೆ ಗೆಣಸು ಬೇಯಿಸುತ್ತೀರಲ್ವಾ? ನಾವು ಬೆಳೆಯುವ ಗೆಣಸಿನಲ್ಲಿ ಅಗ್ರೊಬ್ಯಾಕ್ಟೀರಿಯಂ ಜಾತಿಯ ಜೀನುಗಳು ಇವೆ ಅಂತ 2015ರಲ್ಲಿ ಗೊತ್ತಾಯಿತು. ಯಾವ ಲ್ಯಾಬೂ ಸೇರಿಸಿದ್ದಲ್ಲ, ಹಿಂದೆಂದೋ ಹೊಲದಲ್ಲೇ ಸೇರಿಕೊಂಡದ್ದು. ಔಷಧಿ ಮಾಡುವಾಗ ಬೇರಿನಿಂದ ಬೇಕಾದ ಒಂದು ವಸ್ತುವನ್ನು ಮಾತ್ರ ಬೇರ್ಪಡಿಸಿ, ಶುದ್ಧ ಮಾಡಿ ತೆಗೆಯುತ್ತಾರೆ. ಹೊಲದ ಬೇರಿನಿಂದ ಬಂದರೂ ಬಾಟಲಿ ಬೇರಿನಿಂದ ಬಂದರೂ ಆ ವಸ್ತು ಒಂದೇ. ನನಗೆ ಭಯವಾಗುವುದು ಜೀನಿಗಲ್ಲ, ಸರಿಯಾಗಿ ಶುದ್ಧ ಮಾಡದ ಔಷಧಿಗೆ. ಗಿಡದ ಔಷಧಿ ಅಂತ ಡಾಕ್ಟರನ್ನು ಕೇಳದೆ ನುಂಗುವುದಕ್ಕೂ ಭಯಪಡುತ್ತೇನೆ.

ಪ್ರಶ್ನೆ: ದೇವರಾಜ ಮಾರುಕಟ್ಟೆಯಲ್ಲಿ ಮೊದಲಿನ ಹಾಗೆ ಮಾಗಳಿ ಬೇರು ಸಿಗುತ್ತಿಲ್ಲ. ಉಪ್ಪಿನಕಾಯಿಗೆ ಅದನ್ನೂ ಬಾಟಲಿಯಲ್ಲಿ ಬೆಳೆಸಬಹುದಾ?
— ನಿವೃತ್ತ ಶಿಕ್ಷಕಿ, ನಂಜನಗೂಡು

ಉತ್ತರ: ಉಪ್ಪಿನಕಾಯಿಗೆ ಆಗದು ಟೀಚರ್. ನಮಗೆ ಬೇಕಾದದ್ದು ಬೆರಳು ದಪ್ಪದ ಬೇರು. ಸಿಪ್ಪೆ ಹೆರೆದು, ಒಳಗಿನ ಕಡ್ಡಿ ತೆಗೆದು, ಹೆಚ್ಚಿ ಮಜ್ಜಿಗೆಗೆ ಹಾಕಬೇಕು. ಬಾಟಲಿಯಲ್ಲಿ ಬರುವುದು ದಾರದಂಥ ಎಳೆ, ಹೆಚ್ಚಲು ಏನು ಸಿಗುತ್ತೆ? ಪರಿಮಳಕ್ಕಾದರೆ ಬೇರೆ ಮಾತು. ಮಾಗಳಿಯ ವಾಸನೆಯ ವಸ್ತು ಮತ್ತು ವೆನಿಲ್ಲಾದ ವೆನಿಲಿನ್ ದಾಯಾದಿಗಳು. ಅವೇ ಪರಮಾಣುಗಳು, ಅಷ್ಟೇ ಲೆಕ್ಕ, ಜೋಡಣೆ ಮಾತ್ರ ಬೇರೆ. ನಮ್ಮ ಯಜಮಾನರಿಗೆ ಮಾತ್ರ ಅದು ಇವತ್ತಿಗೂ ತಿಗಣೆ ವಾಸನೆಯೇ, ಜಾಡಿ ತೆಗೆದರೆ ಎದ್ದು ಹಜಾರಕ್ಕೆ ಹೋಗುತ್ತಾರೆ.

ಕಾಡಿನ ಬಳ್ಳಿಯನ್ನು ಬುಡಸಮೇತ ಅಗೆದು ತಂದದ್ದರಿಂದಲೇ ಮಾಗಳಿ ಕಡಿಮೆಯಾಗಿರುವುದು. ಹಿತ್ತಲಿದ್ದರೆ ಸಸಿ ಹುಡುಕಿ ನೆಡಿ. ಬೇರು ದಪ್ಪವಾಗಲು ವರ್ಷಗಳೇ ಬೇಕು. ಅಗೆಯುವಾಗ ಒಂದು ಪಕ್ಕದ ಬೇರನ್ನಷ್ಟೇ ತೆಗೆದುಕೊಂಡು ಮಣ್ಣು ಮುಚ್ಚಿಬಿಡಿ.