ಕಣ್ಣು ಮುಚ್ಚಿ ಹಾಡುವವರು ಮುಖಪುಟಕ್ಕೆ ಬರಬಹುದೇ?

ಈ ಸಲದ ಪ್ರಶ್ನೆಗಳಲ್ಲಿ ಮೂರು ಸಂಗೀತ ಪತ್ರಿಕೆಯ ಮುಖಪುಟದ ಬಗ್ಗೆಯೇ ಇದ್ದವು. ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಳ್ಳೆಯ ಫಾಂಟ್ ಎಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಮಗಳು ಇಲ್ಲಿ ಎ-ಲೆವೆಲ್‌ನಲ್ಲಿ, ಅಂದರೆ ನಮ್ಮ ಪಿಯುಸಿ ಮಟ್ಟದಲ್ಲಿ, ಮೀಡಿಯಾ ಸ್ಟಡೀಸ್ ಓದುತ್ತಿದ್ದಾಳೆ. ರಾಕ್ ಸಂಗೀತದ ಪತ್ರಿಕೆಗೆ ಮುಖಪುಟ ಮಾಡಿ, ಯಾವ ರೂಢಿ ಪಾಲಿಸಿದೆ, ಯಾವುದನ್ನು ಮುರಿದೆ ಅಂತ ಬರೆಯಬೇಕಂತೆ. ಅವಳು ಪತ್ರಿಕೆಯ ಹೆಸರನ್ನು ಕೆಳಗೆ ಹಾಕಿದ್ದಾಳೆ. ಗಿಟಾರ್ ಹಿಡಿದ ಹುಡುಗಿ ಬೆನ್ನು ತೋರಿಸಿ ನಿಂತಿದ್ದಾಳೆ. ಒಳಗೇನಿದೆ ಎಂದು ಹೇಳುವ ಒಂದು ಸಾಲೂ ಇಲ್ಲ. ಕೇಳಿದರೆ “ಎಲ್ಲಾ ಚಾಲೆಂಜ್ ಮಾಡಿದೀನಿ ಅಮ್ಮಾ” ಅನ್ನುತ್ತಾಳೆ. ಇದಕ್ಕೆ ಮಾರ್ಕ್ಸ್ ಬರುತ್ತಾ?
— ಒಬ್ಬ ತಾಯಿ, ರೆಡಿಂಗ್, ಇಂಗ್ಲೆಂಡ್

ಉತ್ತರ: ಮಾರ್ಕ್ಸ್ ಹಾಕುವವನು ನಾನಲ್ಲ, ಬಚಾವಾದೆ. ನನ್ನ ಮೇಜಿಗೆ ಬಂದಿದ್ದರೆ ಬೆನ್ನು ತಿರುಗಿಸಿದ ಹುಡುಗಿಯನ್ನು ಹಾಗೇ ಬಿಡುತ್ತಿದ್ದೆ. ಹೆಸರನ್ನು ಮೇಲಕ್ಕೆ ಕಳಿಸುತ್ತಿದ್ದೆ. ಸಾಲುಗಳ ಬಗ್ಗೆ ಮಾತ್ರ ಅವಳ ಜೊತೆ ಜಗಳ ಆಡುತ್ತಿದ್ದೆ.

ಹೆಸರು ಮೇಲೇ ಯಾಕೆ ಇರಬೇಕು? ನಿಮ್ಮೂರಿನ ಸೂಪರ್‌ಮಾರ್ಕೆಟ್‌ಗೆ ಹೋದಾಗ ಪತ್ರಿಕೆಗಳ ಕಪಾಟು ನೋಡಿ. ಒಂದನ್ನು ಇನ್ನೊಂದು ಮುಕ್ಕಾಲು ಪಾಲು ಮುಚ್ಚಿರುತ್ತದೆ. ಕಾಣುವುದು ಮೇಲಿನ ಪಟ್ಟಿ, ಇಲ್ಲವೇ ಎಡಗಡೆಯ ಪಟ್ಟಿ, ಅಷ್ಟೇ. ‘ಕ್ಯೂ’ (Q) ಎಂಬ ಬ್ರಿಟನ್ನಿನ ಸಂಗೀತ ಪತ್ರಿಕೆ 2020ರಲ್ಲಿ ನಿಂತುಹೋಯಿತು. ಅದರ ಕೆಂಪು ಚೌಕದೊಳಗಿನ ಬಿಳಿ ಅಕ್ಷರ ಇರುತ್ತಿದ್ದದ್ದು ಎಡ ಮೂಲೆಯಲ್ಲಿ, ಮೇಲ್ಗಡೆ. ಎಷ್ಟೇ ಮುಚ್ಚಿದರೂ ಆ ಚೌಕ ಇಣುಕುತ್ತಿತ್ತು. ಇದು ಅಂದಚಂದದ ವಿಷಯ ಅಲ್ಲ, ಕಪಾಟಿನ ವಿಷಯ. ‘ರೋಲಿಂಗ್ ಸ್ಟೋನ್’ನಂಥ ಅಮೆರಿಕದ ದೊಡ್ಡ ಸಂಗೀತ ಪತ್ರಿಕೆಯೇ 2008ರಲ್ಲಿ ತನ್ನ ಅಗಲವಾದ ಅಳತೆ ಬಿಟ್ಟು ಎಲ್ಲರ ಅಳತೆಗೆ ಇಳಿಯಿತು. ಕಾರಣ ಅಂಗಡಿಯ ಮಾರಾಟ.

ಸಾಲುಗಳಿಲ್ಲದ ಮುಖಪುಟ ಎಂದರೆ ಎಲ್ಲರೂ ‘ರೋಲಿಂಗ್ ಸ್ಟೋನ್’ನ 1981ರ ಜನವರಿ 22ರ ಸಂಚಿಕೆ ತೋರಿಸುತ್ತಾರೆ. ನಿಮ್ಮ ಮಗಳೂ ತೋರಿಸಿರುತ್ತಾಳೆ, ಅಲ್ವಾ? ಬೀಟಲ್ಸ್ ತಂಡದಲ್ಲಿದ್ದ ಗಾಯಕ ಜಾನ್ ಲೆನನ್ ಬಟ್ಟೆಯಿಲ್ಲದೆ ಮಗುವಿನ ಹಾಗೆ ಮುದುಡಿಕೊಂಡು, ಕಣ್ಣು ಮುಚ್ಚಿ, ಹೆಂಡತಿ ಯೊಕೊ ಓನೊ ಅವರ ಕೆನ್ನೆಗೆ ಮುತ್ತಿಡುತ್ತಿರುವ ಫೋಟೊ. ತೆಗೆದವರು ಆನಿ ಲೀಬೊವಿಟ್ಜ್, 1980ರ ಡಿಸೆಂಬರ್ 8ರಂದು. ಕೆಲವೇ ಗಂಟೆಗಳ ನಂತರ ಲೆನನ್‌ಗೆ ಗುಂಡು ಬಿತ್ತು, ತೀರಿಕೊಂಡರು. ಪತ್ರಿಕೆ ಆ ಚಿತ್ರದ ಮೇಲೆ ಒಂದು ಶೀರ್ಷಿಕೆಯನ್ನೂ ಹಾಕಲಿಲ್ಲ. ಅಮೆರಿಕದ ಪತ್ರಿಕಾ ಸಂಪಾದಕರ ಸಂಘ 2005ರಲ್ಲಿ ಇದನ್ನು ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟ ಎಂದು ಆರಿಸಿತು.

ಈಗ ಇದನ್ನು ಮಗಳ ಪುಟದ ಪಕ್ಕ ಇಟ್ಟು ನೋಡಿ. ಲೆನನ್ ಯಾರು, ಏನಾಯಿತು ಎಂದು ಆ ಜನವರಿಯಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ಸಾಲು ಮಾಡಬೇಕಿದ್ದ ಕೆಲಸವನ್ನು ಸುದ್ದಿ ಆಗಲೇ ಮಾಡಿ ಮುಗಿಸಿತ್ತು. ಅಷ್ಟಾದರೂ ಪತ್ರಿಕೆಯ ಹೆಸರು ತನ್ನ ಜಾಗದಲ್ಲೇ ಇತ್ತು. ಮಗಳ ಗಿಟಾರ್ ಹುಡುಗಿಯನ್ನು ಯಾರೂ ನೋಡಿಲ್ಲ. ಮುಖವೂ ಇಲ್ಲ, ಹೆಸರೂ ಇಲ್ಲ ಎಂದರೆ ಅಂಗಡಿಯಲ್ಲಿ ನಿಂತವನು ಯಾಕೆ ಕೈ ಹಾಕಬೇಕು? ಬೆನ್ನು ತಿರುಗಿಸಿದ್ದು ಚೆನ್ನಾಗಿದೆ, ಯಾರಿವಳು ಎಂಬ ಕುತೂಹಲ ಹುಟ್ಟುತ್ತದೆ. ಆ ಕುತೂಹಲಕ್ಕೆ ಹಿಡಿದುಕೊಳ್ಳಲು ಒಂದು ಸಾಲು ಕೊಡಲಿ. ಒಂದೇ ಸಾಕು. ಎಡಗಡೆ ಇರಲಿ.

ಅವಳು ಇದನ್ನೆಲ್ಲ ಕೇಳಿ “ಅಂಕಲ್ ಹಳೇ ಕಾಲದವರು” ಅನ್ನಬಹುದು. ಹಾಗಂದರೆ ‘ರೇ ಗನ್’ ಬಗ್ಗೆ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಶುರುವಾದ ಸಂಗೀತ ಪತ್ರಿಕೆ, ವಿನ್ಯಾಸ ಡೇವಿಡ್ ಕಾರ್ಸನ್ ಅವರದು. ರೂಢಿ ಮುರಿಯುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಬ್ರಯನ್ ಫೆರಿ ಎಂಬ ಗಾಯಕನ ಸಂದರ್ಶನ ಸಪ್ಪೆ ಅನ್ನಿಸಿತು ಎಂದು ಇಡೀ ಬರಹವನ್ನು ಡಿಂಗ್‌ಬ್ಯಾಟ್ಸ್‌ನಲ್ಲಿ, ಅಂದರೆ ಬರೀ ನಕ್ಷತ್ರ, ಬಾಣ, ಚೌಕಗಳ ಫಾಂಟಿನಲ್ಲಿ, ಅಚ್ಚು ಹಾಕಿಸಿದರು. ಒಂದಕ್ಷರ ಓದಲು ಬರುವುದಿಲ್ಲ. ಕಾಲೇಜಿನ ಹುಡುಗರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಸಂದರ್ಶನ ಅದೇ ಸಂಚಿಕೆಯ ಕೊನೆಯಲ್ಲಿ ಓದಬಲ್ಲ ಅಕ್ಷರದಲ್ಲೂ ಇತ್ತು! ಲಂಡನ್ನಿನ ‘ದಿ ಫೇಸ್’ ಪತ್ರಿಕೆಯಲ್ಲಿ ವಿನ್ಯಾಸಕಾರ ನೆವಿಲ್ ಬ್ರೋಡಿ ಪರಿವಿಡಿ ಪುಟದ ಶೀರ್ಷಿಕೆಯನ್ನೇ ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತ ಹೋದರು. ಕೊನೆಗೆ ಉಳಿದದ್ದು ಬರೀ ಗೆರೆ, ಆಕಾರ. ಅಷ್ಟರಲ್ಲಿ ಓದುಗರಿಗೆ ರೂಢಿಯಾಗಿತ್ತು. ನಿಮ್ಮ ಮಗಳಿಗೆ ಸಿಕ್ಕಿರುವುದು ಒಂದೇ ಸಂಚಿಕೆ, ಪಾಪ.

ಆದ್ದರಿಂದ ಅವಳು ಉತ್ತರ ಬರೆಯುವಾಗ “ಮುರಿದೆ” ಎಂದಷ್ಟೇ ಬರೆಯುವುದು ಬೇಡ. ಮುರಿದ ಭಾಗ ಮಾಡುತ್ತಿದ್ದ ಕೆಲಸವನ್ನು ಈಗ ಪುಟದಲ್ಲಿ ಯಾರು ಮಾಡುತ್ತಿದ್ದಾರೆ ಎಂದು ಬರೆಯಲಿ. ಬರೆಯಲು ಆಗದಿದ್ದರೆ ಪುಟ ತಿದ್ದಲಿ.

ಪ್ರಶ್ನೆ: ಸರ್, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ‘ಕಿನ್ನರಿ’ ಅಂತ ಹಿಂದೂಸ್ತಾನಿ ಸಂಗೀತದ ಪತ್ರಿಕೆ ಮಾಡುತ್ತಿದ್ದೇನೆ. ಮುಖಪುಟದಲ್ಲಿರುವವರು ಓದುಗರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ತಲೆ ಪತ್ರಿಕೆಯ ಹೆಸರಿನ ಮೇಲೆ ಸ್ವಲ್ಪ ಬರಬೇಕು ಎಂದು ಪಾಠದಲ್ಲಿದೆ. ನಮ್ಮ ಗಾಯಕರು ಹಾಡುವಾಗ ಕಣ್ಣೇ ತೆರೆಯುವುದಿಲ್ಲ. ಏನು ಮಾಡಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಣ್ಣು ಮುಚ್ಚಿಯೇ ಇರಲಿ. ಧಾರವಾಡದಲ್ಲಿ ಕೂತು ಇದನ್ನು ಕೇಳಬೇಕಾ? ಭೀಮಸೇನ ಜೋಶಿ ತಾನ್ ಹೊಡೆಯುವಾಗಿನ ಫೋಟೊಗಳನ್ನು ನೆನಪು ಮಾಡಿಕೊಳ್ಳಿ. ಕಣ್ಣು ಮುಚ್ಚಿದೆ, ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ. ಗಂಗೂಬಾಯಿ ಹಾನಗಲ್ ಎಂದರೆ ಕಿವಿಯ ಹತ್ತಿರ ಹೋದ ಕೈ. ಕಣ್ಣು ಮಾಡುವ ಕೆಲಸವನ್ನು ಅಲ್ಲಿ ಕೈ ಮಾಡುತ್ತದೆ. ಫೋಟೊ ಕತ್ತರಿಸುವಾಗ ಮುಖಕ್ಕೆ ಹತ್ತಿರ ಹೋಗುವ ಭರದಲ್ಲಿ ಕೈ ಹಾರಿಸಬೇಡಿ, ಅಷ್ಟೇ. ಹೂವಿನ ಹಾರ, ಶಾಲು, ಮೈಕಿನ ಹಿಂದೆ ಅರ್ಧ ಮುಖ, ಇಂಥ ಸನ್ಮಾನದ ಫೋಟೊ ಮಾತ್ರ ಬೇಡ. ಈ ರೂಢಿಯನ್ನು ಮಾತ್ರ ಕಣ್ಣು ಮುಚ್ಚಿ ಮುರಿಯಿರಿ.

ತಲೆಯ ವಿಷಯ ಬೇರೆ. ಅದು ಇಂಗ್ಲಿಷ್ ಪತ್ರಿಕೆಗಳ ರೂಢಿ. ದೊಡ್ಡಕ್ಷರದ ಇಂಗ್ಲಿಷ್ ಹೆಸರಿನಲ್ಲಿ ಗೆರೆಯ ಕೆಳಗೆ ಸಾಮಾನ್ಯವಾಗಿ ಏನೂ ಇಳಿಯುವುದಿಲ್ಲ. ತಲೆ ಕೆಳಗಿನಿಂದ ಬಂದು ಅಕ್ಷರದ ಅರ್ಧ ಮುಚ್ಚಿದರೂ ಮೇಲಿನ ಅರ್ಧದಿಂದ ಓದಿಕೊಳ್ಳಬಹುದು. ಅಲ್ಲದೆ ಹತ್ತಾರು ವರ್ಷದ ಪತ್ರಿಕೆಯ ಹೆಸರನ್ನು ಜನ ಓದುವುದೇ ಇಲ್ಲ, ಗುರುತು ಹಿಡಿಯುತ್ತಾರೆ. ನಿಮ್ಮ ‘ಕಿನ್ನರಿ’ ಹುಟ್ಟಿದ್ದು ಈಗ. ಅದಕ್ಕೆ ನಡುವೆ ಒಂದು ಒತ್ತು ಬೇರೆ ಇದೆ. ಎಲ್ಲರೂ ಮಾಡುವಂತೆ ತಲೆಯನ್ನು ಪುಟದ ನಡುವೆ ನಿಲ್ಲಿಸಿದರೆ ಕೂದಲು ಮೊದಲು ನುಂಗುವುದು ಆ ನ-ಒತ್ತನ್ನು. ಪತ್ರಿಕೆ ‘ಕಿನರಿ’ ಆಗುತ್ತದೆ. ಪ್ರೂಫ್‌ನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಹೆಸರು ನಮಗೆ ಗೊತ್ತಿರುತ್ತದೆ. ಅಚ್ಚಾಗಿ ಬಂದ ಮೇಲೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ.

ತಲೆಯನ್ನು ಬಲಕ್ಕೆ ಸರಿಸಿ, ‘ರಿ’ ಅಕ್ಷರದ ಕೆಳಗೆ. ಅಲ್ಲಿ ಒತ್ತಿಲ್ಲ. ತಲೆ ಸ್ವಲ್ಪ ಮೇಲೆ ಹತ್ತಿದರೂ ಗುಡಿಸು ಕಾಣುತ್ತಿರುತ್ತದೆ. ಗುಡಿಸು ಕಂಡರೆ ಓದಲು ತೊಂದರೆಯಿಲ್ಲ. ಎಡಗಡೆ ಖಾಲಿಯಾದ ಜಾಗಕ್ಕೆ ಸಾಲುಗಳು ಬರಲಿ. ಆ ಸಾಲುಗಳನ್ನು ಇಂಗ್ಲಿಷ್ ಪುಟ ನೋಡಿ ಒತ್ತೊತ್ತಾಗಿ ಜೋಡಿಸಬೇಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೂ ಇಲ್ಲ. ಹಾಗಾಗಿ ಯಾವುದು ಮುಖ್ಯ ಎಂಬುದನ್ನು ಗಾತ್ರ ಮತ್ತು ದಪ್ಪದಿಂದಲೇ ತೋರಿಸಬೇಕು. ಒಂದು ಸಾಲು ನಿಜಕ್ಕೂ ದೊಡ್ಡದಿರಲಿ, ಉಳಿದವು ನಿಜಕ್ಕೂ ಚಿಕ್ಕವಿರಲಿ. ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಹಾಕಿ ಬಣ್ಣ ಬದಲಿಸುವುದು ನಮ್ಮ ಕನ್ನಡ ಮುಖಪುಟಗಳ ಹಳೆಯ ಚಾಳಿ. ಮುರಿಯಲು ರೂಢಿ ಹುಡುಕುತ್ತಿದ್ದರೆ ಇದನ್ನೇ ಮುರಿಯಿರಿ.

ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರ ಹಾಕುವ ಆಸೆ ಇದ್ದರೆ ಒಂದು ಮಾತು. ಪ್ರೆಸ್‌ನಲ್ಲಿ ನಾಲ್ಕು ಬಣ್ಣ ಕೂದಲೆಳೆಯಷ್ಟು ಆಚೀಚೆ ಆದರೂ ಒತ್ತಕ್ಷರದ ಸಣ್ಣ ಕಣ್ಣು, ಅಂದರೆ ಒಳಗಿನ ಖಾಲಿ ಜಾಗ, ಮುಚ್ಚಿಹೋಗುತ್ತದೆ. ಗಾಯಕರ ಕಣ್ಣು ಮುಚ್ಚಿದ್ದರೆ ಪರವಾಗಿಲ್ಲ, ಅಕ್ಷರದ ಕಣ್ಣು ತೆರೆದಿರಬೇಕು.

ಪ್ರಶ್ನೆ: ನಾವು ಗೆಳೆಯರು ಸೇರಿ ಬ್ಯಾಂಡ್‌ಗಳ ಬಗ್ಗೆ ಒಂದು ಪತ್ರಿಕೆ ತರುತ್ತಿದ್ದೇವೆ. ಮುಖಪುಟವೆಲ್ಲ ಕೆಂಪು, ಬಿಳುಪು. ಬಾರ್‌ಕೋಡ್ ಅದರಲ್ಲಿ ಕಪ್ಪು ಕಲೆಯ ಹಾಗೆ ಕಾಣುತ್ತದೆ. ಅದನ್ನೂ ಕೆಂಪು ಮಾಡಿದರೆ?
— ಓದುಗ, ಮೈಸೂರು

ಉತ್ತರ: ಮಾಡಬೇಡಿ. ಅಂಗಡಿಯ ಸ್ಕ್ಯಾನರ್ ಸಾಮಾನ್ಯವಾಗಿ ಕೆಂಪು ಬೆಳಕು ಬಿಡುತ್ತದೆ. ಆ ಬೆಳಕಿಗೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ಗೆರೆ ಇರುವುದೇ ಅದಕ್ಕೆ ಗೊತ್ತಾಗುವುದಿಲ್ಲ. ಕಡು ನೀಲಿ ಅಥವಾ ಕಡು ಹಸಿರು ನಡೆಯುತ್ತದೆ. ಅಳತೆಯನ್ನು ಶೇಕಡಾ 80ರವರೆಗೆ ಇಳಿಸಬಹುದು, ಎರಡೂ ಪಕ್ಕದ ಖಾಲಿ ಜಾಗ ಮಾತ್ರ ತಿನ್ನಬೇಡಿ. ಅಂಗಡಿಗೆ ಕೊಡದೆ ಕಾರ್ಯಕ್ರಮಗಳಲ್ಲಿ ನೀವೇ ನಿಂತು ಮಾರುತ್ತೀರಾದರೆ ಬಾರ್‌ಕೋಡ್ ಸುಮ್ನೆ ಯಾಕೆ? ತೆಗೆದುಬಿಡಿ. ಬೆಲೆ ಮರೆಯಬೇಡಿ.